ರಾತ್ರಿಯ ವಹಿ

ಈ ವರುಷ ದೀಪಾವಳಿಯ ರಜೆ ಮುಗಿದ ಮೇಲೆ, ಬೆಳಗಿನ ಮೊದಲನೆಯ ಪಿರಿಯಡ್ಡಿನಲ್ಲಿ ನಾನು ತೂಕಡಿಸುತ್ತಿದ್ದುದನ್ನು ನನ್ನ ಸಹಪಾಠಿಗಳೆಲ್ಲರೂ ಕಂಡಿದ್ದಾರೆ. ಇತಿಹಾಸದ ಪ್ರಾಧ್ಯಾಪಕರೂ ಕಂಡಿದ್ದಾರೆ. ಒಂದು ದಿನ ಅವರು ಪಾಠವನ್ನು ನಡುವೆಯೇ ನಿಲ್ಲಿಸಿ, “ಏನಪಾ, ರಾತ್ರಿ ಎಲ್ಲಿ ಕಳವಿಗೆ ಹೋಗಿದ್ದಿ?” ಎಂದು ಕೇಳಿದರು. ವರ್ಗವೆಲ್ಲ ನಕ್ಕಿತು, ನಾನೂ ನಕ್ಕೆ, ಉತ್ತರ ಕೊಡಲಿಲ್ಲ. ಆಗ ಕೊಡದೆ ಉಳಿಸಿಕೊಂಡ ಉತ್ತರವನ್ನು ಈಗ ಈ ವಾರ್ಷಿಕ ಸಂಚಿಕೆಯಲ್ಲಿ ಕೊಡುತ್ತಿದ್ದೇನೆ. ಕಳವಿಗಲ್ಲ ಸರ್, ಕಾವಲಿಗೆ.

ನಾನು ದಿನಾಲು ಅಸೂಟಿಯಿಂದ ಬಸ್ಸು ಹಿಡಿದು ಬರುವವನು. ಅಸೂಟಿ ಎಂದರೆ ರೋಣ ತಾಲೂಕಿನ ಎರೆಭೂಮಿಯ ಒಂದು ಹಳ್ಳಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ ಬೆಳೆಯುವ ಸೀಮೆ. ಶೀಗೆ ಹುಣ್ಣಿಮೆಯ ಹೊತ್ತಿಗೆ ನಮ್ಮ ಅಕ್ಕ ಎರಡನೆಯ ಬಾಣಂತನಕ್ಕೆಂದು ತವರಿಗೆ ಬಂದಳು. ಅವಳ ಸೆರಗು ಹಿಡಿದುಕೊಂಡು ಅವಳ ಮೊದಲ ಮಗನೂ ಬಂದ. ಆಗ ಅವನಿಗೆ ಎರಡು ವರುಷ ಒಂಬತ್ತು ತಿಂಗಳು. ಅವನು ನನಗೆ ಅಳಿಯನಾಗಬೇಕು; ಈ ಲೇಖನದಲ್ಲಿಯೂ ಅವನನ್ನು ಅಳಿಯನೆಂದೇ ಕರೆಯುತ್ತೇನೆ. ಅಳಿಯನೆಂದ ಮೇಲೆ ಅವನ ಮರ್ಯಾದೆಗೇನು ಕಡಿಮೆ! ಸೋದರಮಾವನ ತಾಟಿನೊಳಗಿನ ರೊಟ್ಟಿಯನ್ನು ಕಸಿದುಕೊಳ್ಳುವ ಅಧಿಕಾರ ಅವನಿಗೆ ಹುಟ್ಟಿನಿಂದಲೇ ಬಂದದ್ದು. ಅದನ್ನು ಅವನು ಒಂದು ದಿನವೂ ಬಿಟ್ಟುಕೊಟ್ಟವನಲ್ಲ.

ಆದರೆ ರೊಟ್ಟಿ ಎಂದು ಅವನು ಅನ್ನಲಾರ. ಆ ವಯಸ್ಸಿನ ಓಣಿಯ ಹುಡುಗರು ‘ಮಾಮಾ, ಬಸ್ಸು ಬಂತು’ ಎಂದು ಎರಡು ಮೂರು ಮಾತು ಕೂಡಿಸಿ ಆಡುತ್ತಿದ್ದರು. ಇವನ ಹತ್ತಿರ ಇದ್ದದ್ದು ‘ಬಾ’ ಎಂಬುದೊಂದೇ ಮಾತು. ನೀರು ಬೇಕಾದರೂ ‘ಬಾ’, ನಾಯಿ ಕಂಡರೂ ‘ಬಾ’, ಸಿಟ್ಟು ಬಂದರೂ ‘ಬಾ’. ಗಂಡುಹುಡುಗರಿಗೆ ಮಾತು ತಡ ಎಂದು ಕೆಲವರೆಂದರು. ಅವನ ಅಪ್ಪನಿಗೂ ನಾಲ್ಕು ವರುಷದ ಮೇಲೆಯೇ ಮಾತು ಬಂದದ್ದು ಎಂದು ಅಕ್ಕನ ಅತ್ತೆಯವರು ಹೇಳಿಕಳಿಸಿದ್ದರು. ಅವ್ವ ಬಜೆ ತೇಯ್ದು ನಾಲಿಗೆಗೆ ಸವರಿದಳು. ಅಜ್ಜನದು ಬೇರೆ ವಿಧಾನ. ಅವನ ಬೆನ್ನ ಹಿಂದೆ ಹೋಗಿ ನಿಂತು ಹಿತ್ತಾಳೆಯ ತಂಬಿಗೆಯನ್ನು ಗಡಗಡ ಬಾರಿಸಿದ. ಅಳಿಯ ತಿರುಗಿ ನೋಡಿದ. “ಕಿವಿ ಚಲೋ ಅದಾವ, ಇನ್ನ ಮಾತು ಎಲ್ಲಿ ಹೋಗತಾವ?” ಎಂದು ಅಜ್ಜ ತೀರ್ಪು ಕೊಟ್ಟುಬಿಟ್ಟ. ತಂಬಿಗೆಯ ಸದ್ದು ಕೇಳಿದ ಮಾತ್ರಕ್ಕೆ ‘ಸ’ಕಾರ ‘ತ’ಕಾರಗಳು ಬೇರೆಬೇರೆಯಾಗಿ ಕೇಳುತ್ತವೆಂದು ಹೇಳಲಾಗದು, ಮಾತು ತಡವಾದ ಪ್ರತಿಯೊಂದು ಕೂಸಿಗೂ ಮೊಟ್ಟಮೊದಲು ಯಂತ್ರದಿಂದ ಕಿವಿಯ ಪರೀಕ್ಷೆಯಾಗಬೇಕು ಎಂಬುದು ನಮಗೆ ಗೊತ್ತಾದದ್ದು ಬಹಳ ಹಿಂದಿನಿಂದ.

ಹಗಲಿನ ಮಾತು ಹಾಗಿರಲಿ. ನಾನು ಹೇಳಬೇಕೆಂದಿರುವುದು ರಾತ್ರಿಯದು.

ಅಕ್ಕ ಬಂದ ಮೂರನೆಯ ರಾತ್ರಿ, ಸುಮಾರು ಹನ್ನೊಂದು ಗಂಟೆಗೆ, ಅಳಿಯ ಕಿಟಾರನೆ ಕಿರುಚಿಕೊಂಡು ಎದ್ದು ಕುಳಿತ. ಕಣ್ಣು ತೆರೆದಿದ್ದವು. ಆದರೆ ಆ ಕಣ್ಣುಗಳಿಗೆ ಅಕ್ಕ ಅಕ್ಕನಾಗಿ ಕಾಣುತ್ತಿರಲಿಲ್ಲ. ಎತ್ತಿಕೊಳ್ಳಹೋದರೆ ಒದ್ದ, ಬಿಟ್ಟರೆ ಮತ್ತಷ್ಟು ಚೀರಿದ. ಮೈಯೆಲ್ಲ ಬೆವರು. ಹತ್ತು ಹನ್ನೆರಡು ನಿಮಿಷ ಹೀಗೆ ನಡೆದು, ಯಾರೋ ಗುಂಡಿ ಒತ್ತಿ ದೀಪ ಆರಿಸಿದಂತೆ ತಟ್ಟನೆ ಮಲಗಿಬಿಟ್ಟ. ಬೆಳಗಾದ ಮೇಲೆ ಅವನ ಮುಖದಲ್ಲಿ ಅದರ ನೆನಪಿನ ಸುಳಿವೂ ಇರಲಿಲ್ಲ. “ಬೆಚ್ಚಿ ಬಿದ್ದೈತಿ ಕೂಸು” ಎಂದು ಅವ್ವ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಕೊರಳಿಗೆ ಕರಿಯ ದಾರ ಬಂತು. ಆ ದಾರದ ಬಗ್ಗೆ ಹಗುರಾಗಿ ಬರೆಯಲು ನನಗೆ ಮನಸ್ಸಿಲ್ಲ. ನಡುರಾತ್ರಿಯಲ್ಲಿ ಏನೂ ಮಾಡಲು ತೋಚದಿದ್ದಾಗ ಕೈಗೊಂದು ಕೆಲಸ ಬೇಕಾಗುತ್ತದೆ.

ಏಳು ತಿಂಗಳ ಬಸುರಿಯಾದ ಅಕ್ಕನಿಗೆ ನಿದ್ದೆಗೇಡಾಗಬಾರದೆಂದು ಕೂಸನ್ನು ನನ್ನ ಮಗ್ಗುಲಿಗೆ ಹಾಕಿದರು. ಅಪ್ಪ ಹೊಲದ ಕಾವಲಿಗೆ ಹೋಗುತ್ತಿದ್ದ. ಪಡಸಾಲೆಯಲ್ಲಿ ನಾನು, ಅಳಿಯ, ನಮ್ಮಿಬ್ಬರ ಮೇಲೊಂದು ಕೌದಿ. ಹೀಗಾಗಿ ಆ ಇನ್ನೊಂದು ತರಹದ ಏಳುವಿಕೆಯನ್ನು ನಮ್ಮ ಮನೆಯಲ್ಲಿ ಮೊದಲು ಕಂಡವನು ನಾನೇ. ಅದು ಬೆಳಗಿನ ಜಾವ ನಾಲ್ಕರ ಸುಮಾರಿಗೆ. ಅದರಲ್ಲಿ ಕಿರುಚಾಟವಿರಲಿಲ್ಲ. ಹಾಲು ಉಕ್ಕುವ ಮುಂಚೆ ಪಾತ್ರೆಯೊಳಗಿಂದ ಬರುತ್ತದಲ್ಲ, ಅಂಥ ಸಣ್ಣ ಸದ್ದೊಂದು ಅವನ ಗಂಟಲಿನಿಂದ ಬಂತು. ಮೊಬೈಲಿನ ಬೆಳಕು ಹಿಡಿದು ನೋಡಿದೆ. ಬಲಗೈ ಕೋಲಿನಂತೆ ನೆಟ್ಟಗಾಗಿತ್ತು; ಬಾಯಿ ಬಲಕ್ಕೆ ಸೆಳೆದುಕೊಂಡು ಜೊಲ್ಲು ಇಳಿಯುತ್ತಿತ್ತು; ಕೆನ್ನೆ ಪಟಪಟನೆ ಅದುರುತ್ತಿತ್ತು. ನಾನು “ಅವ್ವಾ” ಎಂದು ಕೂಗುವುದರೊಳಗೆ ಮುಗಿದುಹೋಯಿತು. ಕೌದಿ ಒದ್ದೆಯಾಗಿತ್ತು. ಅಳಿಯ ಒಂದು ಗಳಿಗೆ ನನ್ನನ್ನೇ ನೋಡಿ ಕಣ್ಣು ಮುಚ್ಚಿದ. ಅವ್ವ ಬಂದಾಗ ನೋಡಲು ಏನೂ ಉಳಿದಿರಲಿಲ್ಲ. “ಕನಸು ಕಂಡಿದ್ದೀ ನೀನು” ಎಂದಳು.

ಇಲ್ಲಿಂದ ಮುಂದೆ ನಾನು ಮಾಡಿದ ತಪ್ಪನ್ನು ಹೇಳಬೇಕು. ಬಿಟ್ಟುಬಿಡಬಹುದಿತ್ತು, ಆದರೆ ಅದನ್ನು ಬಿಟ್ಟರೆ ಈ ಲೇಖನ ಬರೆಯುವ ಹಕ್ಕೇ ನನಗಿಲ್ಲ.

ಆ ದಿನ ನಾನು ಬಸ್ಸಿನಲ್ಲಿ, ವರ್ಗದ ಹಿಂದಿನ ಬಾಕಿನಲ್ಲಿ, ಮಧ್ಯಾಹ್ನ ಗಿಡದ ನೆರಳಿನಲ್ಲಿ, ಕೈಯಲ್ಲಿಯ ಮೊಬೈಲಿನಿಂದಲೇ ವೈದ್ಯನಾದೆ. 1957ರಲ್ಲಿ ಅಮೆರಿಕೆಯ ಲ್ಯಾಂಡೌ ಮತ್ತು ಕ್ಲೆಫ್ನರ್ ಎಂಬಿಬ್ಬರು ವರ್ಣಿಸಿದ ಒಂದು ವಿರಳ ಬೇನೆಯ ಹೆಸರು ಸಿಕ್ಕಿತು. ಅದರಲ್ಲಿ ಮಕ್ಕಳ ಮಿದುಳಿನ ವಿದ್ಯುತ್ತು ನಿದ್ದೆಯಲ್ಲಿ ಕಂಗೆಡುತ್ತದೆ, ಮಾತು ಹೋಗುತ್ತದೆ, ಹಲವರಲ್ಲಿ ಫಿಟ್ಸೂ ಬರುತ್ತದೆ. ಮಾತಿಲ್ಲದ ಕೂಸು, ರಾತ್ರಿಯ ಸೆಳೆತ — ಎರಡನ್ನೂ ಕೂಡಿಸಿದೆ, ಲೆಕ್ಕ ಸರಿಹೋಯಿತೆಂದುಕೊಂಡೆ. ಸಂಜೆ ಮನೆಗೆ ಬಂದವನೇ, ಪಡಸಾಲೆಯಲ್ಲಿ ಶಾವಿಗೆ ಹೊಸೆಯುತ್ತ ಕುಳಿತಿದ್ದ ಓಣಿಯ ನಾಲ್ಕು ಹೆಣ್ಣುಮಕ್ಕಳ ಎದುರಿಗೆ, ದೊಡ್ಡ ಪಂಡಿತನ ಹಾಗೆ ಹೇಳಿದೆ: “ಅವ್ವಾ, ಇದು ಬೆಚ್ಚಿ ಬಿದ್ದದ್ದಲ್ಲ. ಇದು ಮಲರೋಗ.”

ನಮ್ಮ ಕಡೆ ಈ ಶಬ್ದಕ್ಕೆ ಇರುವ ಭಾರ ಪಟ್ಟಣದವರಿಗೆ ತಿಳಿಯಲಿಕ್ಕಿಲ್ಲ. ಮಾತು ನಮ್ಮ ಓಣಿಯಿಂದ ಊರಿಗೆ, ಊರಿನಿಂದ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಅಕ್ಕನ ಗಂಡನ ಊರಿಗೆ ಎರಡೇ ದಿನದಲ್ಲಿ ಮುಟ್ಟಿತು. ಅಕ್ಕನ ಅತ್ತೆಯವರು ಫೋನು ಮಾಡಿದರು. ಮೊಮ್ಮಗ ಹೇಗಿದ್ದಾನೆಂದು ಕೇಳುವ ಮುಂಚೆ ಅವರು ಕೇಳಿದ್ದು, “ನಿಮ್ಮ ಮನಿತನದಾಗ ಯಾರಿಗಿತ್ತವ್ವಾ ಇದು?” ಎಂದು. ಅವರನ್ನೂ ದೂರಲಾರೆ, ಅವರ ಕೊನೆಯ ಮಗಳಿಗೆ ಆಗ ವರ ನೋಡುತ್ತಿದ್ದರು. ಆಮೇಲೆ ತಿಳಿದುಕೊಂಡೆ: ನಮ್ಮ ದೇಶದ ಹಿಂದೂ ವಿವಾಹ ಕಾಯಿದೆಯಲ್ಲಿ ಪದೇ ಪದೇ ಅಪಸ್ಮಾರ ಬರುವುದು ಮದುವೆಗೊಂದು ಅಡ್ಡಿಯೆಂದು ಬರೆದಿತ್ತು, ಆ ಶಬ್ದವನ್ನು ತೆಗೆದುಹಾಕಿದ್ದು 1999ರಲ್ಲಿ. ಕಾಗದದ ಮೇಲಿನಿಂದ ಹೋದದ್ದು ಜನರ ಮನಸ್ಸಿನಿಂದ ಅಷ್ಟು ಬೇಗ ಹೋಗುವುದೇ? ಆ ರಾತ್ರಿ ಅಕ್ಕ ಊಟ ಮಾಡಲಿಲ್ಲ. ನನಗೆ ಅಂದದ್ದು ಒಂದೇ ಮಾತು: “ತಮ್ಮಾ, ನೀ ಓದಿದವ ಅಂತ ತಿಳಕೊಂಡಿದ್ನೆಲ್ಲೋ.”

ಮುಂದಿನ ಕೆಲವು ದಿನಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೊದಲು ತೋರಿಸಿದ ವೈದ್ಯರೊಬ್ಬರು ಎರಡು ನಿಮಿಷ ನೋಡಿ, ಕನಸು ಬೀಳುತ್ತಿರಬೇಕೆಂದು ಟಾನಿಕ್ಕು ಬರೆದುಕೊಟ್ಟರು. ದಾರಿ ತೋರಿಸಿದವರು ನಮ್ಮ ಅಂಗನವಾಡಿಯ ಬಾಯಿಯವರು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಅಂಗನವಾಡಿಗೆ ವರುಷಕ್ಕೆರಡು ಸಲ ವೈದ್ಯರ ತಂಡ ಬರಬೇಕು. ಹುಟ್ಟಿನ ದೋಷ, ಪೋಷಣೆಯ ಕೊರತೆ, ರೋಗ, ಬೆಳವಣಿಗೆಯ ತಡ ಎಂಬ ನಾಲ್ಕನ್ನೂ ನೋಡಬೇಕು. ಮಾತು ತಡವಾಗುವುದೂ ಅದರಲ್ಲಿ ಸೇರುತ್ತದೆ. ಇದನ್ನೆಲ್ಲ ಹೇಳಿ ಅವರು ಚೀಟಿ ಬರೆಸಿಕೊಟ್ಟರು. ರೋಣದಿಂದ ಗದಗಕ್ಕೆ, ಗದಗದಿಂದ ಹುಬ್ಬಳ್ಳಿಗೆ, ಕೊನೆಗೆ ಮಕ್ಕಳ ನರರೋಗ ನೋಡುವ ಒಬ್ಬ ವೈದ್ಯೆಯರ ಎದುರಿಗೆ ಹೋಗಿ ಕುಳಿತೆವು. ಅವರು ಮೈಸೂರು ಕಡೆಯವರು. ಅವರ ‘ಏನಾಯ್ತು ಕಂದ’ ಎಂಬ ಮಾತಿಗೆ ಅವ್ವನ ‘ಏನಾತೋ ಏನ್ರೀ ಬಾಯಾರ’ ಎಂಬುದು ಉತ್ತರ. ಇಬ್ಬರೂ ಕನ್ನಡವನ್ನೇ ಆಡುತ್ತಿದ್ದರು; ನಡುವೆ ನಾನು ದುಭಾಷಿ.

ನಾನು ಸುಮ್ಮನೆ ದುಭಾಷಿಯಾಗಿದ್ದರೆ ಚೆನ್ನಾಗಿತ್ತು. “ಲ್ಯಾಂಡೌ–ಕ್ಲೆಫ್ನರ್ ಇರಬಹುದೇ ಮೇಡಂ?” ಎಂದು ಕೇಳಿಬಿಟ್ಟೆ. ಅವರು ಬೈಯಲಿಲ್ಲ. ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟು, “ಹೆಸರು ಇಡೋ ಕೆಲಸ ನನ್ನದು. ನಿಮ್ಮದು ಏನು ಗೊತ್ತಾ? ನೋಡಿದ್ದನ್ನ ಹೇಳೋದು. ಎಷ್ಟು ಗಂಟೆಗೆ? ಎಷ್ಟು ಹೊತ್ತು? ಯಾವ ಕೈ? ಕಣ್ಣು ಯಾವ ಕಡೆಗೆ? ಪ್ರತಿ ಸಲವೂ ಒಂದೇ ಥರವೋ, ಬೇರೆ ಬೇರೆಯೋ?” ಎಂದು ಕೇಳಿದರು. ಐದು ಪ್ರಶ್ನೆಗಳಲ್ಲಿ ಎರಡಕ್ಕೂ ನನ್ನಿಂದ ಸರಿಯಾದ ಉತ್ತರ ಬರಲಿಲ್ಲ. ಅಮೆರಿಕೆಯ ವೈದ್ಯರ ಹೆಸರು ಬಾಯಿಪಾಠವಾಗಿತ್ತು. ನಮ್ಮ ಕೌದಿಯೊಳಗಿನ ಕೂಸಿನ ಕಣ್ಣು ಯಾವ ಕಡೆ ಹೊರಳಿತ್ತೆಂಬುದು ಗೊತ್ತಿರಲಿಲ್ಲ.

ಹದಿನೈದು ದಿನ ಬರೆದಿಟ್ಟುಕೊಂಡು ಬನ್ನಿ, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರ ಹಿಡಿಯಿರಿ ಎಂದು ಕಳಿಸಿದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು. ಅದನ್ನು ನನ್ನ ಗೆಳೆಯರು ಕಿವಿಗೊಟ್ಟು ಕೇಳಬೇಕು. ಸೆಳೆತ ಬಂದಾಗ ಕೂಸನ್ನು ಒಂದು ಮಗ್ಗುಲಾಗಿ ಹೊರಳಿಸಬೇಕು. ಕೈಕಾಲು ಅದುಮಿ ಹಿಡಿಯಬಾರದು. ಬಾಯಿಯಲ್ಲಿ ಚಮಚೆಯಾಗಲಿ ನೀರಾಗಲಿ ಏನನ್ನೂ ಹಾಕಬಾರದು. ಐದು ನಿಮಿಷ ದಾಟಿದರೆ ಕಾಯದೆ ದವಾಖಾನೆಗೆ ಒಯ್ಯಬೇಕು. ಕೈಯಲ್ಲಿ ಕೀಲಿಕೈ ಗೊಂಚಲು ಹಿಡಿಸುವುದು, ಉಳ್ಳಾಗಡ್ಡಿ ಮೂಸಿಸುವುದು ಇವುಗಳಿಂದ ಸೆಳೆತ ನಿಲ್ಲುವುದಿಲ್ಲ. ಅದು ತಾನಾಗಿ ನಿಲ್ಲುವ ಹೊತ್ತಿಗೆ ಕೀಲಿಕೈ ಕೈಯಲ್ಲಿರುತ್ತದೆ, ಅಷ್ಟೆ.

ಹೀಗೆ ನಮ್ಮ ಮನೆಯಲ್ಲಿ ರಾತ್ರಿಯ ವಹಿ ಆರಂಭವಾಯಿತು. ಅಪ್ಪ ಹತ್ತಿ ಮಾರಿದ ಲೆಕ್ಕ ಬರೆಯುತ್ತಿದ್ದ ಕೆಂಪು ರಟ್ಟಿನ ಹಳೆಯ ವಹಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಇದ್ದವು. ಅದರಲ್ಲಿ ಗೆರೆ ಹೊಡೆದು ಮನೆಗಳನ್ನು ಮಾಡಿದೆ: ತಾರೀಖು, ಗಂಟೆ, ಎಷ್ಟು ಹೊತ್ತು, ಕಂಡದ್ದೇನು, ಆಮೇಲೆ ಏನಾಯಿತು. ಕೊನೆಗೆ ‘ಅರ್ಥ’ ಎಂದು ಒಂದು ಮನೆ ಮಾಡಿ, ಅದನ್ನು ಖಾಲಿ ಬಿಟ್ಟೆ. ಅದು ವೈದ್ಯರ ಮನೆ.

ಹೊತ್ತು ಎಣಿಸುವುದು ಮೊದಲ ತೊಡಕು. ನಿದ್ದೆಗಣ್ಣಿನಲ್ಲಿ ಮೊಬೈಲು ತಡವಿ ಗಡಿಯಾರ ನೋಡುವುದರೊಳಗೆ ಅರ್ಧ ಮುಗಿದಿರುತ್ತಿತ್ತು. ಅದಕ್ಕೆ ಅವ್ವ ಎಣಿಸುತ್ತೇನೆಂದಳು. ಅವಳು ಶಾಲೆ ಕಂಡವಳಲ್ಲ. ಆದರೆ ಕಣದಲ್ಲಿ ಜೋಳ ಅಳೆಯುವಾಗ ಅವಳ ಎಣಿಕೆ ಒಂದು ಸೇರೂ ತಪ್ಪಿದ್ದಿಲ್ಲ. ಕಣದ ಎಣಿಕೆಯಲ್ಲಿ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನಮ್ಮಲ್ಲಿ ಹಳ್ಳಿಯ ಹುಡುಗರಿಗೆ ಇದು ಗೊತ್ತು. ಆ ರಾತ್ರಿ ನಾಲ್ಕಕ್ಕೆ ಸದ್ದು ಬಂತು. ನಾನು ಅಳಿಯನನ್ನು ಮಗ್ಗುಲಿಗೆ ಹೊರಳಿಸಿ ಮೊಬೈಲು ಹಿಡಿದೆ. ಅವ್ವ ಕತ್ತಲಲ್ಲಿಯೇ “ಲಾಭ…” ಎಂದಳು. ಎಂದವಳು ಬಾಯಿಗೆ ಸೆರಗು ಹಿಡಿದುಕೊಂಡಳು. “ಇದಕ್ಕ ಎಂಥಾ ಲಾಭೋ ಯಪ್ಪಾ!” ಎಂದು ಅವಳ ದನಿ ಒಡೆಯಿತು. ಆದರೆ ನಿಲ್ಲಿಸಲಿಲ್ಲ. “ಎರಡು, ಮೂರು, ನಾಕು…” ಎಂದು ಮೂವತ್ತೆಂಟರವರೆಗೆ ಎಣಿಸಿದಳು. ವಹಿಯ ಮೊದಲನೆಯ ಬರಹ ಅದೇ: ‘4-10. ಎಣಿಕೆ 38. ಬಲಗೈ ನೆಟ್ಟಗೆ. ಬಾಯಿ ಬಲಕ್ಕೆ. ಉಚ್ಚೆ. ಆಮೇಲೆ ನಿದ್ದೆ.’

ಹದಿನೈದು ರಾತ್ರಿಗಳಲ್ಲಿ ಒಂದು ವಿಚಿತ್ರ ಕಂಡಿತು. ಹನ್ನೊಂದರ ಏಳುವಿಕೆ ನಾಲ್ಕು ಸಲ ಆಗಿತ್ತು. ನಾಲ್ಕೂ ಒಂದೊಂದು ತರಹ. ಒಂದು ದಿನ ಎದ್ದು ಕುಳಿತ, ಒಂದು ದಿನ ನಿಂತ, ಒಂದು ದಿನ ಬಾಗಿಲ ಕಡೆಗೆ ಓಡಿದ; ಐದು ನಿಮಿಷವೂ ಆಯಿತು, ಹದಿನೈದೂ ಆಯಿತು. ನಾಲ್ಕರದ್ದು ಒಂಬತ್ತು ಸಲ. ಒಂಬತ್ತೂ ಒಂದೇ ಅಚ್ಚಿನಲ್ಲಿ ಹೊಯ್ದಂತೆ: ಅದೇ ಸದ್ದು, ಅದೇ ಕೈ, ಅದೇ ಬಾಯಿ; ಎಣಿಕೆ ಒಮ್ಮೆಯೂ ಐವತ್ತು ದಾಟಲಿಲ್ಲ. ಒಂದೇ ರಾತ್ರಿ ಎರಡು ಸಲ ಬಂದದ್ದೂ ಇತ್ತು. ಅದನ್ನು ಬರೆದಿಡುವವರೆಗೆ ನಮ್ಮೆಲ್ಲರ ಮನಸ್ಸಿನಲ್ಲಿಯೂ ಅದು ಒಂದೇ ಬೇನೆಯಾಗಿತ್ತು — ಅವ್ವನ ಮನಸ್ಸಿನಲ್ಲಿ ಎರಡೂ ದೃಷ್ಟಿ, ನನ್ನ ಮನಸ್ಸಿನಲ್ಲಿ ಎರಡೂ ಮಲರೋಗ.

ಮಿದುಳಿನ ವಿದ್ಯುತ್ತನ್ನು ಬರೆಯುವ ಇ.ಇ.ಜಿ. ಪರೀಕ್ಷೆಗೆ ತಾರೀಖು ಕೊಟ್ಟರು. ಕೂಸು ಆ ಯಂತ್ರದ ಎದುರಿಗೆ ತಾನಾಗಿಯೇ ನಿದ್ದೆಹೋಗಬೇಕು. ಅದಕ್ಕಾಗಿ ಹಿಂದಿನ ರಾತ್ರಿ ಕಡಿಮೆ ಮಲಗಿಸಿ, ಬೆಳಿಗ್ಗೆ ದಾರಿಯಲ್ಲಿ ನಿದ್ದೆ ಬಾರದಂತೆ ನೋಡಿಕೊಂಡು ಕರೆತರಬೇಕೆಂದು ಅಪ್ಪಣೆ. ಇಷ್ಟು ದಿನ ಕೂಸು ಮಲಗಲಿ ಎಂದು ಹರಕೆ ಹೊತ್ತವರು ಈಗ ಮಲಗದಿರಲಿ ಎಂದು ಹೊರಬೇಕಾಯಿತು! ಗದಗದಿಂದ ಹುಬ್ಬಳ್ಳಿಗೆ ಹೋಗುವ ರೈಲಿನಲ್ಲಿ ಅಳಿಯನ ಕಣ್ಣು ಎಳೆಯತೊಡಗಿದವು. ನಾನು ಚಪ್ಪಾಳೆ ತಟ್ಟಿದೆ, ಕೋತಿಯಾದೆ, ಕಿಟಕಿಯ ಹೊರಗೆ ಇಲ್ಲದ ನವಿಲನ್ನು ತೋರಿಸಿದೆ. ಅಣ್ಣಿಗೇರಿಯ ಹೊತ್ತಿಗೆ ನನ್ನ ಸರಕೆಲ್ಲ ತೀರಿತು. ಎದುರಿಗೆ ಕುಳಿತಿದ್ದ ಬಳೆಗಾರ ಮುದುಕನೊಬ್ಬ ತನ್ನ ಗಂಟಿನಿಂದ ಬಳೆಗಳ ಸರ ತೆಗೆದು ಅವನ ಕಿವಿಯ ಹತ್ತಿರ ಜಣಜಣ ಮಾಡಿದ. ಹುಬ್ಬಳ್ಳಿಯವರೆಗೂ ಮಾಡಿದ. ಯಾಕೆಂದು ಒಮ್ಮೆಯೂ ಕೇಳಲಿಲ್ಲ.

ತಲೆಗೆ ಲೇಪ ಹಚ್ಚಿ ಇಪ್ಪತ್ತಕ್ಕೆ ಹತ್ತಿರ ತಂತಿಗಳನ್ನು ಅಂಟಿಸಿದರು. ಅವ್ವ ಬೆದರಿದಳು. ಈ ತಂತಿಗಳು ಕರೆಂಟು ಕೊಡುವವಲ್ಲ. ಕೂಸಿನ ತಲೆಯಲ್ಲಿ ತಾನಾಗಿ ಹುಟ್ಟುವ ಬಹಳ ಸಣ್ಣ ವಿದ್ಯುತ್ತನ್ನು ಬರೆದುಕೊಳ್ಳುವವು ಎಂದು ನಾನು ವಿವರಿಸಿದೆ. ಮನುಷ್ಯನ ಮಿದುಳಿನಿಂದ ಇಂಥ ಬರಹವನ್ನು ಮೊದಲು ಪಡೆದವನು ಜರ್ಮನಿಯ ಹಾನ್ಸ್ ಬೆರ್ಗರ್, 1924ರಲ್ಲಿ. ಲೋಕಕ್ಕೆ ತಿಳಿಸಿದ್ದು 1929ರಲ್ಲಿ. ಐದು ವರುಷ ತಾನು ಕಂಡದ್ದನ್ನು ಮತ್ತೆ ಮತ್ತೆ ನೋಡಿ ಆಮೇಲೆ ಬಾಯಿಬಿಟ್ಟ ಮನುಷ್ಯನವನು. ಒಂದು ಮಧ್ಯಾಹ್ನದಲ್ಲಿ ಬಾಯಿಬಿಟ್ಟವನು ನಾನು. ತಂತಿಗಳ ಕಿರೀಟ ತೊಟ್ಟು ಅಳಿಯ ಅವ್ವನ ತೊಡೆಯ ಮೇಲೆ ಮಲಗಿದ. ತೆರೆಯ ಮೇಲೆ ಗೆರೆಗಳು ಹರಿದವು. ಎಡಭಾಗದ ಗೆರೆಗಳಲ್ಲಿ ನಡುನಡುವೆ ಚೂಪಾದ ಮುಳ್ಳುಗಳು ಎದ್ದವು. ಮಿದುಳಿನ ಎಡ ಅರ್ಧ ಮೈಯ ಬಲಭಾಗವನ್ನು ಆಳುತ್ತದೆಂದು ಹೈಸ್ಕೂಲಿನಲ್ಲಿ ಓದಿದ್ದೆ. ವಹಿಯಲ್ಲಿ ಒಂಬತ್ತು ಸಲ ‘ಬಲಗೈ’ ಎಂದು ಬರೆದಿದ್ದೆ. ಆ ಕ್ಷಣದಲ್ಲಿ ನನ್ನ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು.

ವೈದ್ಯೆಯರು ವಹಿಯನ್ನು ಮೊದಲಿಂದ ಓದಿದರು. ಮೊಬೈಲಿನ ಚಿತ್ರಗಳನ್ನು ಮೂರು ಸಲ ನೋಡಿದರು. ಆಮೇಲೆ ಎರಡನ್ನೂ ಬೇರೆ ಮಾಡಿ ಹೇಳಿದರು. ಹನ್ನೊಂದರದ್ದು ನಿದ್ದೆಯ ಭಯ. ರಾತ್ರಿಯ ಮೊದಲ ಭಾಗದ ಗಾಢನಿದ್ದೆಯಿಂದ ಕೂಸು ಅರ್ಧ ಮಾತ್ರ ಏಳುತ್ತದೆ. ನೋಡುವವರಿಗೆ ಅಂಜಿಕೆ, ಕೂಸಿಗೆ ಅಪಾಯವಿಲ್ಲ. ಎಚ್ಚರಿಸಲು ಹೋಗದೆ ಬೀಳದಂತೆ ನೋಡಿಕೊಂಡರೆ ಸಾಕು, ಬೆಳೆದಂತೆ ಹೋಗುತ್ತದೆ. ನಾಲ್ಕರದ್ದು ಮಾತ್ರ ನಿಜವಾದ ಸೆಳೆತ, ಮಿದುಳಿನ ಒಂದು ಕಡೆಯಿಂದ ಆರಂಭವಾಗುವಂಥದು. ಇ.ಇ.ಜಿ. ಸರಿ ಬಂದರೂ ಸೆಳೆತ ಇಲ್ಲವೆಂದು ಹೇಳಲಾಗದು, ಮುಳ್ಳು ಕಂಡ ಮಾತ್ರಕ್ಕೇ ಸೆಳೆತವೆಂದೂ ಹೇಳಲಾಗದು. ನೀವು ತಂದ ಹದಿನೈದು ರಾತ್ರಿಗಳ ಜೊತೆ ಇಟ್ಟು ನೋಡಿದ್ದರಿಂದ ಹೇಳುತ್ತಿದ್ದೇನೆ ಎಂದರು. ನನ್ನ ಅಮೆರಿಕೆಯ ಬೇನೆ? ಅದು ಬರುವುದು ಚೆನ್ನಾಗಿ ಮಾತನಾಡುತ್ತಿದ್ದು, ಆಮೇಲೆ ಮಾತು ಕಳೆದುಕೊಂಡ ಮಕ್ಕಳಿಗೆ. ನಿಮ್ಮ ಕೂಸು ಕಳೆದುಕೊಂಡಿಲ್ಲ, ಇನ್ನೂ ಗಳಿಸಿಯೇ ಇಲ್ಲ ಎಂದು ನಕ್ಕರು. ಆದರೂ ಮಾತು ತಡವಾದ ಮಕ್ಕಳಲ್ಲಿ ರಾತ್ರಿಯ ಸೆಳೆತ ಕಂಡರೆ ನಿದ್ದೆಯ ಬರಹವನ್ನು ನೋಡದೆ ಬಿಡಬಾರದು. ಬಂದ ಮಾತು ಹೋಗತೊಡಗಿದರೆ ಒಂದು ದಿನವೂ ತಡಮಾಡಬಾರದು ಎಂದು ಹೇಳಲು ಮರೆಯಲಿಲ್ಲ. ಮಿದುಳಿನ ಚಿತ್ರ ತೆಗೆಸಿದರು, ಕಿವಿಯ ಪರೀಕ್ಷೆಯೂ ಆಯಿತು. ಎರಡರಲ್ಲಿಯೂ ದೋಷ ಕಾಣಲಿಲ್ಲ. ಅಜ್ಜನ ತಂಬಿಗೆ ಗೆದ್ದಿತು. ಆದರೆ ಅದು ಗೆದ್ದದ್ದು ದೈವವಶಾತ್.

ಅವ್ವ ಕೇಳಿದ ಪ್ರಶ್ನೆ ನನಗೆ ಹೊಳೆದಿರಲಿಲ್ಲ. “ಬಾಯಾರ, ಈ ಔಷಧ ಕುಡದ್ರ ಮಾತು ಬರತೈತ್ರ್ಯಾ?” ವೈದ್ಯೆಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇಲ್ಲಮ್ಮ. ಔಷಧ ಫಿಟ್ಸಿಗೆ. ಮಾತಿಗೆ ಬೇರೆ ಕೆಲಸ ಇದೆ. ಎರಡಕ್ಕೂ ಸಂಬಂಧ ಎಷ್ಟಿದೆ ಅಂತ ಈಗಲೇ ಹೇಳೋಕೆ ಆಗಲ್ಲ” ಎಂದರು. ಸುಳ್ಳು ಆಸೆ ಕೊಡಬಹುದಾಗಿದ್ದ ಜಾಗದಲ್ಲಿ ಅವರು ಕೊಡಲಿಲ್ಲ. ಅವ್ವನಿಗೆ ಅವರ ಮೇಲೆ ನಂಬಿಕೆ ಬಂದದ್ದು ಆಗಲೇ ಎಂದು ನನಗನಿಸುತ್ತದೆ.

ಇತಿಹಾಸದ ವಿದ್ಯಾರ್ಥಿಯಾಗಿ ಒಂದು ಮಾತು ಹೇಳಲು ಅಪ್ಪಣೆ ಬೇಡುತ್ತೇನೆ. ಸುಶ್ರುತ ಸಂಹಿತೆಯ ಉತ್ತರತಂತ್ರ ಮಕ್ಕಳನ್ನು ಹಿಡಿಯುವ ಒಂಬತ್ತು ಗ್ರಹಗಳನ್ನು ಎಣಿಸುತ್ತದೆ; ಅದರಲ್ಲೊಂದರ ಹೆಸರು ಸ್ಕಂದಾಪಸ್ಮಾರ. ಅತ್ತ ಗ್ರೀಸಿನಲ್ಲಿ, ಹಿಪ್ಪೊಕ್ರಾಟೀಸನ ಹೆಸರಿನಲ್ಲಿ ಉಳಿದುಬಂದ ಸುಮಾರು 2400 ವರುಷಗಳ ಹಿಂದಿನ ಗ್ರಂಥವೊಂದು, ‘ಪವಿತ್ರ ರೋಗ’ವೆಂದು ಜನ ಕರೆಯುವ ಈ ಬೇನೆ ಬೇರೆ ಬೇನೆಗಳಿಗಿಂತ ಹೆಚ್ಚು ದೈವಿಕವೇನೂ ಅಲ್ಲ, ಅದರ ಮೂಲ ಮಿದುಳು ಎಂದು ವಾದಿಸಿತು. ಅಷ್ಟು ದೂರ ಹೋಗುವುದೇಕೆ? ನಮ್ಮ ಕರ್ನಾಟಕದಲ್ಲಿಯೇ, ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಮನೆಮನೆಗೆ ಹೋಗಿ ಅಪಸ್ಮಾರದವರನ್ನು ಹುಡುಕಿ, ಫಿನೊಬಾರ್ಬಿಟಾಲ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಔಷಧಗಳಿಂದಲೇ ಚಿಕಿತ್ಸೆ ಮಾಡಿದರು. ಅದರ ವರದಿ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಹಳ್ಳಿಯವರಿಗೆ ಈ ಬೇನೆಯ ಚಿಕಿತ್ಸೆ ಎಟುಕದೆಂದು ನನ್ನ ಎದುರಿಗೆ ಯಾರಾದರೂ ಹೇಳಿದರೆ ಈಗ ನಾನು ಯಳಂದೂರಿನ ಹೆಸರು ಹೇಳುತ್ತೇನೆ.

ಸಿರಪ್ಪು ಆರಂಭವಾದ ಮೂರು ವಾರಕ್ಕೆ ನಾಲ್ಕು ಗಂಟೆಯ ಮನೆಗಳು ಖಾಲಿಯಾಗುತ್ತ ಬಂದವು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಊಟ ಮಾಡುವಾಗ ಮಾವ ಬಂದಿದ್ದ. ಕೂಸು ಗುಣವಾಯಿತಲ್ಲ, ಇನ್ನೇಕೆ ಔಷಧ ಎಂದು ಅವನ ಮನೆಯವರ ಮಾತನ್ನು ತಂದಿದ್ದ. ತಟಕ್ಕನೆ ಬಿಟ್ಟರೆ ಸೆಳೆತ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು. ಸಾಮಾನ್ಯವಾಗಿ ಎರಡು ವರುಷ ಸೆಳೆತವಿಲ್ಲದೆ ಕಳೆದ ಮೇಲೆಯೇ ಬಿಡುವ ವಿಚಾರ, ಅದೂ ವೈದ್ಯರು ಹೇಳಿದಂತೆ ಮೆಲ್ಲಗೆ. ಇದನ್ನು ಹೇಳಲು ನಾನು ಬಾಯಿ ತೆರೆದೆ. ನನ್ನ ಮಾತಿಗೆ ಆ ಮನೆಯಲ್ಲಿ ಬೆಲೆ ಎಲ್ಲಿತ್ತು? ಮಲರೋಗದ ಡಂಗುರ ಸಾರಿದವನು ನಾನೇ ಅಲ್ಲವೇ! ಅಕ್ಕ ವಹಿಯನ್ನು ತಂದು ಮಾವನ ತೊಡೆಯ ಮೇಲಿಟ್ಟಳು. “ಓದ್ರಿ” ಎಂದಳು. ಮಾವ ಓದಿದ. ಜೋಳದ ತೆನೆಗಳ ನಡುವೆ ಕುಳಿತು ಹದಿನೈದು ರಾತ್ರಿಗಳನ್ನೂ ಓದಿ, ಒಂಬತ್ತು ಸಲ ಬಲಗೈ ನೆಟ್ಟಗಾದದ್ದನ್ನು ಓದಿ, “ನಾ ಅವ್ವಗ ಹೇಳತೇನಿ, ಔಷಧ ಬಿಡಸಬ್ಯಾಡ್ರಿ” ಎಂದ. ಮತ್ತೊಂದು ರೊಟ್ಟಿ ಹಾಕಿಸಿಕೊಂಡ.

ಮಾತಿನ ತರಬೇತಿ ಬೇರೆಯೇ ಒಂದು ಶಾಲೆ. ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆ ಸ್ಥಾಪನೆಯಾದದ್ದು 1965ರಲ್ಲಿ. ಅಂಥಲ್ಲಿ ಕಲಿತು ಬಂದವರು ಈಗ ನಮ್ಮ ಕಡೆಗೂ ಸಿಗುತ್ತಾರೆ. ನಮಗೆ ಸಿಕ್ಕವರು ಕಲಿಸಿದ್ದು ಕೂಸಿಗಿಂತ ಹೆಚ್ಚಾಗಿ ನಮಗೆ. ಅವನು ಬೊಟ್ಟು ಮಾಡುವ ಮುಂಚೆಯೇ ಎಲ್ಲವನ್ನೂ ಕೈಗೆ ಕೊಟ್ಟುಬಿಡುತ್ತೀರಿ; ಹಾಲೋ ನೀರೋ ಎಂದು ಎರಡನ್ನೂ ತೋರಿಸಿ ಕೇಳಿರಿ, ಕೇಳಿ ಹತ್ತು ಎಣಿಸುವವರೆಗೆ ಕಾಯಿರಿ ಎಂದರು. ಅಳುತ್ತಾನೆಂದು ನಾನು ಅವನ ಕೈಯಲ್ಲಿ ಕೊಡುತ್ತಿದ್ದ ಮೊಬೈಲನ್ನು ಕಸಿದು ಮೇಜಿನ ಖಾನೆಯಲ್ಲಿಟ್ಟರು. ಹತ್ತು ಎಣಿಸುವುದು ಎಷ್ಟು ದೀರ್ಘವೆಂದು ಪ್ರಯತ್ನಿಸಿದವರಿಗೇ ಗೊತ್ತು. ಅಜ್ಜ ಮೂರಕ್ಕೇ ಸೋಲುತ್ತಿದ್ದ. ಅವ್ವ ಮಾತ್ರ ಎರಡು ಬಟ್ಟಲು ಹಿಡಿದು, ಮನಸ್ಸಿನಲ್ಲಿಯೇ ಲಾಭದಿಂದ ಆರಂಭಿಸಿ ಹತ್ತರವರೆಗೆ ಅಲುಗಾಡದೆ ಕೂತಿರುತ್ತಿದ್ದಳು.

ಅಕ್ಕನಿಗೆ ಹೆಣ್ಣು ಹುಟ್ಟಿತು. ಬಾಣಂತನ ಮುಗಿಸಿಕೊಂಡು ಮೊನ್ನೆ ಅವಳು ಗಂಡನ ಮನೆಗೆ ಹೋದಳು. ತೊಟ್ಟಿಲು, ಕೊಬ್ಬರಿ, ಅಂಟಿನುಂಡಿಯ ಡಬ್ಬಿ, ಇವುಗಳ ಜೊತೆಗೆ ಕೆಂಪು ರಟ್ಟಿನ ವಹಿಯೂ ಹೋಯಿತು. ಮೊದಲನೆಯ ಪಿರಿಯಡ್ಡಿನಲ್ಲಿ ನಾನು ಈಗ ಎಚ್ಚರವಾಗಿರುತ್ತೇನೆ, ಪ್ರಾಧ್ಯಾಪಕರು ಗಮನಿಸಿರಬಹುದು. ರಾತ್ರಿ ನಾಲ್ಕಕ್ಕೆ ಮಾತ್ರ ಇನ್ನೂ ತಾನಾಗಿ ಎಚ್ಚರವಾಗುತ್ತದೆ.

ಹೋದ ವಾರ ಬೆಳಿಗ್ಗೆ, ಬಸ್ಸಿಗೆ ಕಾಯುತ್ತ ನಿಂತಾಗ, ಅಕ್ಕನ ಫೋನು ಬಂತು. “ತಮ್ಮಾ, ನಿನ್ನೆ ಹನ್ನೊಂದಕ್ಕ ಎದ್ದಿದ್ದ. ಎಂಟು ಮಿನಿಟು. ಕೈ ಸೆಟದಿಲ್ಲ. ನಾಕರ ಮನಿ ಖಾಲಿ ಬಿಟ್ಟೇನಿ” ಎಂದಳು. ಆಮೇಲೆ, “ತಗೋ, ಮಾಮಾನ ಕೂಡ ಮಾತಾಡು” ಎಂದು ಫೋನನ್ನು ಅಳಿಯನ ಕಿವಿಗೆ ಹಿಡಿದಳು. ಅವನ ಉಸಿರು ಕೇಳಿಸುತ್ತಿತ್ತು. “ಯಾರು ನಾನು?” ಎಂದು ಕೇಳಿ ಎಣಿಸತೊಡಗಿದೆ. ಲಾಭ, ಎರಡು, ಮೂರು. ಬಸ್ಸು ಬಂದು ನಿಂತಿತು, ಕಂಡಕ್ಟರು ಕೂಗಿದ. ಏಳು, ಎಂಟು. ಒಂಬತ್ತಕ್ಕೆ ‘ಮಾ’ ಎಂದೊಂದು ಸದ್ದು ಬಂತು. ಮಾಮಾ ಎಂದದ್ದೋ, ಅಮ್ಮಾ ಎಂದದ್ದೋ, ಬರೀ ತುಟಿ ಕೂಡಿದ್ದೋ ಗೊತ್ತಾಗಲಿಲ್ಲ.

“ಕೇಳಿದ್ಯಾ?” ಎಂದಳು ಅಕ್ಕ.

“ಕೇಳಿದೆ. ವಹಿಯೊಳಗ ಬರಿ. ಕಂಡದ್ದು, ‘ಮಾ’. ಅರ್ಥದ ಮನಿ ಖಾಲಿ ಬಿಡು” ಎಂದು ಹೇಳಿ ಬಸ್ಸು ಹತ್ತಿದೆ.